ಯೋಬನ ಹತ್ತು ಮಕ್ಕಳ ಲೆಕ್ಕ

ನಮ್ಮ ಊರಿನಲ್ಲಿ ಸತ್ಯವೇದದ ಮಾತಿಗೆ ಅರ್ಥ ಕೇಳಹೊರಡುವವರು ಮೊದಲು ಅಡಿಗೆ ಮುಗಿಸಿರುತ್ತಾರೆ. ಹಾಲಿನವನಿಗೆ ಹೇಳಬೇಕಾದುದನ್ನು ಹೇಳಿರುತ್ತಾರೆ. ನೆರೆಮನೆಯವರೊಡನೆ ಜಗಳವೇನಾದರೂ ಬಾಕಿಯಿದ್ದರೆ ಅದನ್ನೂ ಆಡಿ ತೀರಿಸಿರುತ್ತಾರೆ. ಏಕೆಂದರೆ ಪ್ರಶ್ನೆ ಬಾಯಿಂದ ಹೊರಬಿದ್ದೊಡನೆ ಕೇಳಿದವರ ದನಿ ಹೋಗುತ್ತದೆ. ಒಪ್ಪುವ ಉತ್ತರ ಸಿಕ್ಕಿದ ಮೇಲೆಯೇ ಅದು ಹಿಂತಿರುಗುವುದು. ಹಿಂತಿರುಗುವ ಮುನ್ನ, ಗಂಟಲಿಗೆ ಹೊಟ್ಟು ಸಿಕ್ಕಿಕೊಂಡವರ ಹಾಗೆ, ಒಂದು ಸಣ್ಣ ಕೆಮ್ಮು ಬರುತ್ತದೆ. ಆ ಕೆಮ್ಮು ಕೇಳಿಸಿತೆಂದರೆ ಉತ್ತರ ಹೇಳಿದವನು ಎದ್ದು ಮನೆಗೆ ಹೋಗಬಹುದು.

ಉತ್ತರ ಹೇಳುವವನು ನಾನು. ಶಾಲೆಯಲ್ಲಿ ಅಂಕಗಣಿತ ಕಲಿಸಿ ನಿವೃತ್ತನಾದವನು. ಹಿಂದಿನ ಉಪದೇಶಿ ತೀರಿಕೊಂಡಾಗ ಸಭೆಯ ಹಿರಿಯರು ನನ್ನನ್ನು ಕರೆದು ದೇವಾಲಯದ ಜಗಲಿಯ ಕಲ್ಲಿನ ಮೇಲೆ ಕೂರಿಸಿದರು. ನನ್ನ ಭಕ್ತಿ ದೊಡ್ಡದೆಂದಲ್ಲ, ನನ್ನ ಮಾತು ಚಿಕ್ಕದೆಂದು. ಹಿಂದಿನವರು ಪ್ರತಿಯೊಂದು ಉತ್ತರಕ್ಕೂ ಮುಂಚೆ ಒಂದು ಕೀರ್ತನೆ ಹಾಡುತ್ತಿದ್ದರು. ಬಾಯಿ ಕಟ್ಟಿಕೊಂಡು ಕುಳಿತವರು ಅದನ್ನು ಪೂರ್ತಿ ಕೇಳಲೇಬೇಕಾಗಿತ್ತು.

ಜನ ಕೇಳುವುದು ದೊಡ್ಡ ಪ್ರಶ್ನೆಗಳನ್ನಲ್ಲ. ಕುರಿ ಕಾಯುವ ತಿಮೊಥಿ ಒಂದು ಭಾನುವಾರ ಹೆಂಡತಿಯೊಡನೆ ಬಂದ. "ಮೇಷ್ಟ್ರೇ, ಕಳೆದ್ಹೋದ ಒಂದು ಕುರೀನ ಹುಡುಕ್ಕೊಂಡು ಆ ಕುರುಬ ತೊಂಬತ್ತೊಂಬತ್ತನ್ನ ಅಡವೀಲಿ ಬಿಟ್ಟು ಹೋದ್ನಂತಲ್ಲ, ಅಷ್ಟರಲ್ಲಿ ತೋಳ ಬಂದಿದ್ರೆ?" ಎಂದ. ಅಲ್ಲಿಗೆ ಅವನ ದನಿ ನಿಂತಿತು. "ನಿಧಾನಕ್ಕೆ ಹೇಳಿ ಮೇಷ್ಟ್ರೇ, ಅವಸರ ಏನಿಲ್ಲ, ಹಬ್ಬ ಕಳೀಲಿ," ಎಂದಳು ಅವನ ಹೆಂಡತಿ. "ನಮ್ಮನೇಲಿ ಗುಬ್ಬಿ ಕೂಗೋದು ಕೇಳಿಸ್ದೆ ಎಷ್ಟು ವರ್ಷ ಆಯ್ತು!" ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. "ತೊಂಬತ್ತೊಂಬತ್ತು ಒಂದಕ್ಕೊಂದು ಕಾವಲು. ಒಂಟಿಯಾದದ್ದಕ್ಕೆ ಯಾರೂ ಇಲ್ಲ. ಯಾರೂ ಇಲ್ಲದ ಕಡೆಗೆ ಅವನು ಹೋದ," ಎಂದೆ. ತಿಮೊಥಿ ಕೆಮ್ಮಿದ.

ಹಣ್ಣು ಮಾರುವ ಹನ್ನಮ್ಮನ ಪ್ರಶ್ನೆ ಅಂಜೂರದ ಮರದ್ದು. "ಕಾಲವೇ ಅಲ್ಲದಾಗ ನಮ್ಮ ಕರ್ತ ಹೋಗಿ ಹಣ್ಣು ಕೇಳೋದು, ಇಲ್ಲ ಅಂತ ಮರಾನೇ ಒಣಗಿಸೋದು! ನನ್ನ ಗಿರಾಕಿಗಳೇ ವಾಸಿ. ಇದೇನು ನ್ಯಾಯ ಮೇಷ್ಟ್ರೇ?" ನಾನು ಅವಳ ಬುಟ್ಟಿಯ ಕಡೆ ನೋಡಿ, "ಎಲೆ ತೋರಿಸಿದ ಮರ ಹಣ್ಣಿದೆ ಎಂದು ಹೇಳಿದ ಹಾಗೆ. ಮೇಲೆ ಚೆನ್ನಾಗಿರುವುದನ್ನು ಜೋಡಿಸಿ ಕೆಳಗೆ ಕೊಳೆತದ್ದನ್ನು ಇಟ್ಟರೆ ಗಿರಾಕಿ ಏನು ಮಾಡುತ್ತಾನೆ?" ಎಂದೆ. ಹನ್ನಮ್ಮ ಕೆಮ್ಮಿದಳು, ಬುಟ್ಟಿಯನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡಳು.

ಉತ್ತರ ತಡವಾಗುವುದೂ ಉಂಟು. ಅಂಥವರು ಮುಂಗೈಗೆ ಗೆಜ್ಜೆ ಕಟ್ಟಿಕೊಳ್ಳುತ್ತಾರೆ. ಗೆಜ್ಜೆ ಅಲುಗಿಸಿದರೆ ಅಂಗಡಿಯವನು ತಿರುಗಿ ನೋಡುತ್ತಾನೆ, ಗಾಡಿಯವನು ನಿಲ್ಲಿಸುತ್ತಾನೆ. ಹೆಣ್ಣು ನೋಡಲು ಬಂದವರು ಮನೆಯಲ್ಲಿ ಗೆಜ್ಜೆ ಕಟ್ಟಿದವರು ಎಷ್ಟು ಮಂದಿ ಎಂದು ಮೊದಲೇ ವಿಚಾರಿಸುತ್ತಾರೆ. ನನ್ನ ಕಾಲದಲ್ಲಿ ಗೆಜ್ಜೆ ಕಟ್ಟಿದವರು ಕಡಿಮೆ. ಉತ್ತರ ಸರಿಯಿದ್ದರೆ ದನಿ ಬರಲೇಬೇಕೆಂದು ನಾನು ನಂಬಿದ್ದೆ. ಕೂಡಿಸಿದ್ದು ಸರಿಯಿದ್ದರೆ ಮೊತ್ತ ಬೇರೆಯಾಗುವುದಿಲ್ಲ.

ನಮ್ಮ ಮನೆಯಲ್ಲಿ ಆಗ ನಾನು, ನನ್ನ ಹೆಂಡತಿ ಸುಗುಣಮ್ಮ, ಮರ ಕೊಯ್ಯುವ ಕಾರ್ಖಾನೆಗೆ ಹೋಗುತ್ತಿದ್ದ ಮಗ ಎಲೀಷ, ಸೊಸೆ ದೀನಮ್ಮ. ಅವರಿಬ್ಬರಿಗೆ ಸಲೋಮಿ ಎಂಬ ಮಗಳಿದ್ದಳು. ಆರನೆಯ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡಳು. ಅವಳಿಗೆ ನಾನು ಹುಣಸೆಬೀಜ ಹರವಿ ಲೆಕ್ಕ ಕಲಿಸುತ್ತಿದ್ದೆ. ಐದರಲ್ಲಿ ಎರಡು ಹೋದರೆ ಎಷ್ಟು ಎಂದರೆ, "ಹೋದದ್ದು ಎಲ್ಲಿಗೆ ಹೋಯ್ತು ತಾತ?" ಎನ್ನುತ್ತಿದ್ದಳು. ಅದು ಲೆಕ್ಕಕ್ಕೆ ಬೇಡ ಎಂದು ನಾನು ಗದರುತ್ತಿದ್ದೆ. ಅವಳ ವಿಷಯವಾಗಿ ಇದಕ್ಕಿಂತ ಹೆಚ್ಚು ಹೇಳುವುದು ನನ್ನಿಂದಾಗದು.

ನಮ್ಮಲ್ಲಿ ಹೆಸರನ್ನು ಹಾಳುಬಿಡುವುದಿಲ್ಲ. ಮನೆಯಲ್ಲಿ ಹೆಣ್ಣುಮಗು ತೀರಿಕೊಂಡರೆ ಅದರ ಹಿಂದೆ ಹುಟ್ಟಿದ ಹೆಣ್ಣಿಗೆ ಅದೇ ಹೆಸರು, ಗಂಡಾದರೂ ಹಾಗೆಯೇ. ಅಲ್ಲಿಯ ತನಕ ಆ ಹೆಸರನ್ನು ಮನೆಯವರು ಬಾಯಲ್ಲಿ ಆಡಬಾರದು. ದೀಕ್ಷಾಸ್ನಾನದ ದಿನ ದೇವಾಲಯದಲ್ಲಿ ತಾಯಿಯೇ ಅದನ್ನು ಮೊದಲು ಹೇಳಬೇಕು. ಅವಳು ಹೇಳಿದ ಮೇಲೆ ಎಲ್ಲರೂ "ಬಂತಲ್ಲ, ಬಂತಲ್ಲ" ಎಂದು ಮಗುವಿನ ಕೆನ್ನೆ ಮುಟ್ಟುತ್ತಾರೆ. ಆಮೇಲೆ ಹೋದ ಮಗುವಿನ ಮಾತನ್ನು ಯಾರೂ ಎತ್ತುವುದಿಲ್ಲ. ಎತ್ತಲು ಏನೂ ಉಳಿದಿರುವುದಿಲ್ಲ.

ದೀನಮ್ಮ ಮತ್ತೆ ಹೆತ್ತಳು. ಹೆಣ್ಣು. ಸುಗುಣಮ್ಮ ಪೆಟ್ಟಿಗೆಯಿಂದ ಸಲೋಮಿಯ ಬಿಳಿಯ ಅಂಗಿಯನ್ನು ತೆಗೆದು ಒಗೆದು ಗಂಜಿ ಹಾಕಿದಳು. ನಾನು ತೊಟ್ಟಿಲಿನ ಹಗ್ಗವನ್ನು ಹೊಸದಾಗಿ ಹೊಸೆದೆ. ಹೊಸೆಯುತ್ತ ಆ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಂಡೆ. ಇನ್ನು ಕೆಲವೇ ದಿನಗಳಲ್ಲಿ ಅದನ್ನು ಗಟ್ಟಿಯಾಗಿ ಕರೆಯಬಹುದು, ಕರೆದರೆ ಈ ಮನೆಯೊಳಗಿಂದ ಒಂದು ಜೀವ ತಿರುಗಿ ನೋಡುತ್ತದೆ ಎಂಬುದು ನನಗೆ ಸಾಕಾಗಿತ್ತು. ಇದನ್ನು ಯಾರಿಗೂ ಹೇಳಲಿಲ್ಲ.

ದೀಕ್ಷಾಸ್ನಾನದ ಬೆಳಿಗ್ಗೆ ನೆಂಟರು ಅಂಗಳದಲ್ಲಿ ನೆರೆದಿದ್ದರು. ಸುಗುಣಮ್ಮ ಮಗುವಿಗೆ ಅಂಗಿ ತೊಡಿಸಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ದೀನಮ್ಮ ಒದ್ದೆ ಕೂದಲನ್ನು ಟವೆಲಿನಲ್ಲಿ ಕಟ್ಟಿಕೊಂಡು ನನ್ನ ಎದುರಿಗೆ ಬಂದು ನಿಂತಳು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಅವಳು ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ.

"ಮಾವ, ಯೋಬನಿಗೆ ಕಳಕೊಂಡಿದ್ದೆಲ್ಲ ಎರಡರಷ್ಟು ವಾಪಸು ಬಂತಲ್ಲ," ಎಂದಳು. "ಮಕ್ಕಳು ಮಾತ್ರ ಯಾಕೆ ಮುಂಚೆ ಇದ್ದಷ್ಟೇ ಬಂದ್ರು?"

"ಅಯ್ಯೋ, ಇವತ್ತೇ ಕೇಳ್ಬೇಕಿತ್ತೇನೇ!" ಎಂದು ಸುಗುಣಮ್ಮ ಹಣೆ ಚಚ್ಚಿಕೊಂಡಳು. ನೆಂಟರಲ್ಲಿ ಯಾರೋ, "ಮೇಷ್ಟ್ರ ಮನೆ ಅಲ್ವಾ, ಪಾಯಸ ಆರೋದ್ರೊಳಗೆ ಹೇಳ್ಬಿಡ್ತಾರೆ ಬಿಡಿ," ಎಂದರು.

ನನಗೂ ಹಾಗೆಯೇ ಅನ್ನಿಸಿತ್ತು. ಆ ಪ್ರಶ್ನೆ ನನ್ನ ಕಿವಿಗೆ ಮೊದಲೂ ಬಿದ್ದಿತ್ತು, ಅದಕ್ಕೆ ಒಪ್ಪಿತವಾದ ಉತ್ತರವಿತ್ತು. ಎಲ್ಲರಿಗೂ ಕೇಳಿಸುವಂತೆ ಹೇಳಿದೆ. "ದೇವರ ಪರೀಕ್ಷೆಯಲ್ಲಿ ಆಸ್ತಿಯನ್ನೂ ಮಕ್ಕಳನ್ನೂ ಕಳೆದುಕೊಂಡ ಯೋಬನಿಗೆ ಏಳು ಸಾವಿರ ಕುರಿ ಹದಿನಾಲ್ಕು ಸಾವಿರವಾಯಿತು. ಮೂರು ಸಾವಿರ ಒಂಟೆ ಆರು ಸಾವಿರವಾಯಿತು. ಎತ್ತೂ ಕತ್ತೆಯೂ ಹಾಗೆಯೇ. ಮಕ್ಕಳು ಮೊದಲು ಹತ್ತು, ಆಮೇಲೂ ಹತ್ತು. ಸತ್ತ ಕುರಿ ಇಲ್ಲವಾಗುತ್ತದೆ, ಆದ್ದರಿಂದ ಎರಡರಷ್ಟನ್ನು ಹೊಸದಾಗಿಯೇ ಕೊಡಬೇಕು. ಸತ್ತ ಮಗು ಇಲ್ಲವಾಗುವುದಿಲ್ಲ, ದೇವರ ಬಳಿ ಇರುತ್ತದೆ. ಅಲ್ಲಿ ಹತ್ತು, ಇಲ್ಲಿ ಹತ್ತು. ಇಪ್ಪತ್ತು. ಲೆಕ್ಕ ಎರಡರಷ್ಟೇ ಆಗಿದೆ."

"ಆಮೆನ್," ಎಂದರು ಕೆಲವರು. ಎಲ್ಲರೂ ಕೆಮ್ಮಿಗೆ ಕಾದರು. ದೀನಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೇಳಿದ ಒಂದೊಂದು ಅಂಕಿಯನ್ನೂ ಅವಳು ಮುಂಚೆಯೇ ಕೂಡಿಸಿ ನೋಡಿದ್ದಳೆಂದು ಕಾಣುತ್ತಿತ್ತು. ಕೆಮ್ಮು ಬರಲಿಲ್ಲ. ಪಾಯಸ ಆರಿತು. ನೆಂಟರು ಉಂಡು, ಹೆಸರಿಲ್ಲದ ಮಗುವಿನ ಕೆನ್ನೆಯನ್ನು ಮುಟ್ಟುವುದೋ ಬೇಡವೋ ತಿಳಿಯದೆ, ಹೊರಟುಹೋದರು. ಸಂಜೆ ಎಲೀಷ ತಾನೇ ಹೆಂಡತಿಯ ಮುಂಗೈಗೆ ಗೆಜ್ಜೆ ಕಟ್ಟಿದ.

ಆಮೇಲೆ ನಾನು ಅವಳಿಗೆ ಬೇರೆ ಬೇರೆ ಉತ್ತರಗಳನ್ನು ಹೇಳಿದೆ. ಮನುಷ್ಯನು ದೇವರಿಂದ ಲೆಕ್ಕ ಕೇಳಲಾಗದು ಎಂದೆ. ಯೋಬನ ತಾಳ್ಮೆಯೇ ಅವನ ಸಂಪತ್ತು ಎಂದೆ. ಹೊಸ ಮಕ್ಕಳು ಹಳೆಯ ದುಃಖಕ್ಕೆ ಸಮಾಧಾನವೆಂದೆ. ಇದನ್ನು ಹೇಳಿದ ದಿನ ಅವಳು ನನ್ನ ಮುಂದಿನಿಂದ ಎದ್ದು ಹಿತ್ತಿಲಿಗೆ ಹೋದಳು. ಸಭೆಯ ಅಯ್ಯನವರು ಮನೆಗೆ ಬಂದು ಬಹಳ ಹೊತ್ತು ಪ್ರಾರ್ಥಿಸಿ, ಉತ್ತರವನ್ನೂ ಹೇಳಿ, ಕಾಫಿ ಕುಡಿದು ಹೋದರು. ಏನೂ ಆಗಲಿಲ್ಲ. ಜಗಲಿಯ ಮೇಲೆ ನನ್ನ ಕೆಲಸ ನಡೆದೇ ಇತ್ತು. ಪರರ ಮನೆಯವರು ಬಂದು ಕೇಳಿ, ಕೆಮ್ಮಿ, ಮಾತಾಡುತ್ತ ಹೋಗುತ್ತಿದ್ದರು.

"ಊರಿಗೆಲ್ಲ ಬಾಯಿ ಕೊಡ್ತೀರಿ," ಎಂದ ಎಲೀಷ ಒಂದು ದಿನ ಊಟದ ನಡುವೆ. "ಮನೇಲಿರೋಳಿಗೆ ಕೊಡಕ್ಕಾಗಲ್ವಾ ಅಪ್ಪ?"

"ಉತ್ತರ ಸರಿಯಾಗಿಯೇ ಇದೆ," ಎಂದೆ.

"ಸರಿಯಾಗಿದ್ರೆ ನನ್ನ ಮಗಳಿಗೆ ಯಾಕೆ ಇನ್ನೂ ಹೆಸರಿಲ್ಲ?"

ಸುಗುಣಮ್ಮ ನನ್ನ ಪರವಾಗಿ ಎನ್ನುವಂತೆ, "ಅವಳೂ ಸ್ವಲ್ಪ ಮನಸ್ಸು ಮಾಡ್ಬೇಕಪ್ಪ. ಹಟ ಹಿಡಿದ್ರೆ ಯಾವ ಉತ್ತರ ತಾನೆ ಇಳಿಯುತ್ತೆ ಗಂಟಲಲ್ಲಿ?" ಎಂದಳು. ಬಡಿಸುತ್ತಿದ್ದ ದೀನಮ್ಮನ ಗೆಜ್ಜೆ ಒಮ್ಮೆ ಜೋರಾಗಿ ಅಲುಗಿತು. ಸಾರಿನ ಪಾತ್ರೆಯನ್ನು ನೆಲಕ್ಕಿಟ್ಟು ಅವಳು ಒಳಗೆ ಹೋದಳು. ಉಳಿದದ್ದನ್ನು ನಾವೇ ಬಡಿಸಿಕೊಂಡೆವು.

ಮಗು ಬೆಳೆಯುತ್ತಿತ್ತು. ತಾಯಿಯೆಂದರೆ ಅದಕ್ಕೆ ಗೆಜ್ಜೆಯ ಸದ್ದು. ಎಲ್ಲಿ ಗೆಜ್ಜೆ ಅಲುಗಿದರೆ ಅಲ್ಲಿಗೆ ತಲೆ ಹೊರಳಿಸುತ್ತಿತ್ತು. ಬೀದಿಯಲ್ಲಿ ಎತ್ತಿನ ಗಾಡಿ ಹೋದರೂ ಬಾಯಿ ಚೀಪುತ್ತಿತ್ತು. ತೊಟ್ಟಿಲು ತೂಗುವಾಗ ದೀನಮ್ಮನ ತುಟಿಗಳು ಆಡುತ್ತಿದ್ದವು, ಜೋಗುಳದ ಪದಗಳೆಲ್ಲ ಇದ್ದವು, ದನಿ ಇರಲಿಲ್ಲ. ಹೊರಗೆ ಜನ ಆಡಿಕೊಳ್ಳತೊಡಗಿದರು. ಹೆಸರಿಲ್ಲದ ಮಗುವನ್ನು ಇಷ್ಟು ದಿನ ಇಟ್ಟುಕೊಳ್ಳಬಾರದು, ಯಾವುದು ಬೇಕಾದರೂ ಬಂದು ಅದನ್ನು ಕರೆಯಬಹುದು ಎಂದು ಹನ್ನಮ್ಮ ಸುಗುಣಮ್ಮನ ಕಿವಿಯಲ್ಲಿ ಹೇಳಿದಳಂತೆ.

ಸುಗುಣಮ್ಮ ಹೆದರಿದಳು. ಹೆದರಿಕೆಗಿಂತ ಹೆಚ್ಚಾಗಿ, ಅವಳಿಗೂ ಕಾದು ಸಾಕಾಗಿತ್ತು. ಒಂದು ಮಧ್ಯಾಹ್ನ ದೀನಮ್ಮ ಬಾವಿಕಟ್ಟೆಯಲ್ಲಿದ್ದಾಗ ಅವಳು ತೊಟ್ಟಿಲಿನ ಮೇಲೆ ಬಾಗಿ, "ಸಲೋಮಿ, ಸಲೋಮಿ, ನನ್ನ ಬಂಗಾರ," ಎಂದು ರಾಗವಾಗಿ ಕರೆದಳು. ನಾನು ಬಾಗಿಲಲ್ಲೇ ಇದ್ದೆ. ಅವಳನ್ನು ತಡೆಯಬೇಕಾಗಿತ್ತು. ತಡೆಯಲಿಲ್ಲ. ಇನ್ನೊಮ್ಮೆ ಹೇಳಲಿ ಎಂದು ನಿಂತಿದ್ದೆ.

ಗೆಜ್ಜೆ ಓಡಿ ಬಂದಿತು. ದೀನಮ್ಮ ಒದ್ದೆ ಕೈಯಲ್ಲೇ ಮಗುವನ್ನು ಕಿತ್ತುಕೊಂಡು ಎದೆಗೆ ಅವುಚಿಕೊಂಡಳು. ಮಗುವಿನ ಕಿವಿಯನ್ನು ಅಂಗೈಯಿಂದ ಮುಚ್ಚಿದಳು. ಅತ್ತೆಯ ಕಡೆಗೂ ನನ್ನ ಕಡೆಗೂ ನೋಡಿದ ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ತನ್ನ ಮನೆಯಿಂದಲೇ ಏನನ್ನೋ ಹೊತ್ತೊಯ್ಯುತ್ತಿರುವವರನ್ನು ಕಂಡು ಕೂಗಲಾಗದವಳ ನೋಟ ಅದು.

"ನಾನೇನು ಮಾಡಿದೆ? ಅವಳ ಹೆಸರೇ ಅಲ್ವೇನ್ರೀ ಅದು?" ಎಂದು ಸುಗುಣಮ್ಮ ಅತ್ತಳು. ದೀನಮ್ಮ ಮುಚ್ಚಿದ್ದು ಮಗುವಿನ ಕಿವಿಯನ್ನು ಮಾತ್ರ. ಹೆಸರು ಕೇಳಿ ಅವಳು ತನ್ನ ಕಿವಿಯನ್ನು ಮುಚ್ಚಿಕೊಂಡಿರಲಿಲ್ಲ. ಅದನ್ನು ನಾನು ಗಮನಿಸಿದ್ದೆ, ಅದರಿಂದ ಏನನ್ನು ತಿಳಿಯಬೇಕೆಂದು ಆಗ ತಿಳಿಯಲಿಲ್ಲ.

ಮರುದಿನ ಊಟದ ನಂತರ ಯೋಬನ ಕಡೆಯ ಅಧ್ಯಾಯವನ್ನು ತೆಗೆದು ಗಟ್ಟಿಯಾಗಿ ಓದಿದೆ. ಒಂದು ಲೆಕ್ಕ ತಾಳೆಯಾಗದಿದ್ದರೆ ಉತ್ತರವನ್ನು ತಿದ್ದಬಾರದು, ದತ್ತಾಂಶವನ್ನು ಮೊದಲಿನಿಂದ ಓದಬೇಕು ಎಂದು ಮಕ್ಕಳಿಗೆ ಕಲಿಸಿದವನು ನಾನು. ದೀನಮ್ಮ ಪಡಸಾಲೆಯ ಮೂಲೆಯಲ್ಲಿ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಗೆಜ್ಜೆ ಹದವಾಗಿ ಸದ್ದು ಮಾಡುತ್ತಿತ್ತು. ಕುರಿಗಳನ್ನು ಓದಿದೆ, ಒಂಟೆಗಳನ್ನು ಓದಿದೆ, ಎತ್ತುಗಳನ್ನು ಓದಿದೆ. ಏಳು ಗಂಡು, ಮೂರು ಹೆಣ್ಣು ಎಂದು ಓದಿದೆ. ಮುಂದಿನ ಸಾಲಿನಲ್ಲಿ ಆ ಮೂವರು ಹೆಣ್ಣುಮಕ್ಕಳಿಗೆ ತಂದೆ ಇಟ್ಟ ಹೆಸರುಗಳಿವೆ. ಅವುಗಳನ್ನು ಒಂದೊಂದಾಗಿ ಓದಿದೆ. ಗೆಜ್ಜೆ ನಿಂತಿತು.

ಆ ಮೌನದಲ್ಲಿ ನಾನು ಪುಟಗಳನ್ನು ಹಿಂದಕ್ಕೆ ಹೊರಳಿಸಿ ಮೊದಲನೆಯ ಅಧ್ಯಾಯಕ್ಕೆ ಬಂದೆ. ಸತ್ತುಹೋದ ಹತ್ತು ಮಕ್ಕಳು ಅಲ್ಲಿದ್ದಾರೆ. ಅವರು ಉಂಡದ್ದಿದೆ, ಕುಡಿದದ್ದಿದೆ, ಗಾಳಿ ಬಂದು ಮನೆ ಅವರ ಮೇಲೆ ಬಿದ್ದದ್ದಿದೆ. ಹೆಸರು ಮಾತ್ರ ಒಂದೂ ಇಲ್ಲ. ಇಷ್ಟು ವರ್ಷ ಈ ಎರಡು ಅಧ್ಯಾಯಗಳನ್ನು ಓದಿದವನು ನಾನು. ಅಂಕಿಗಳನ್ನೆಲ್ಲ ನೋಡಿದ್ದೆ.

ಪುಸ್ತಕವನ್ನು ಮುಚ್ಚಿದೆ. "ದೀನಮ್ಮ," ಎಂದೆ. ಅವಳು ತಲೆಯೆತ್ತಲಿಲ್ಲ. ಬೆರಳುಗಳು ಅಕ್ಕಿಯ ಮೇಲೆ ಹಾಗೆಯೇ ನಿಂತಿದ್ದವು.

"ಇಪ್ಪತ್ತು ಎಂದು ನಿನಗೆ ಹೇಳಿದೆ. ಬಾಯಲ್ಲಿ ಇಪ್ಪತ್ತು ಎಂದು ಹೇಳಿ, ಈ ಮನೆಯಲ್ಲಿ ಒಂದನ್ನೇ ಎಣಿಸಲು ಹೊರಟಿದ್ದೆವು. ಅಲ್ಲೊಂದು, ಇಲ್ಲೊಂದು ಇದ್ದರೆ ಎರಡು ಹೆಸರು ಬೇಕು. ಯೋಬನು ಹಿಂದಿನವರ ಹೆಸರನ್ನು ತೆಗೆದು ಈ ಮೂವರಿಗೆ ಕೊಡಲಿಲ್ಲ. ಇವರಿಗೆ ಹೊಸ ಹೆಸರಿಟ್ಟನೆಂದು ಬರೆದಿದೆ. ಹಿಂದಿನವರ ಹೆಸರುಗಳು ಪುಸ್ತಕದಲ್ಲಿ ಏಕಿಲ್ಲವೋ ನಾನು ಹೇಳಲಾರೆ. ಹೆತ್ತವಳಿಗೆ ನೆನಪಿದ್ದವು ಎಂದು ಮಾತ್ರ ಹೇಳಬಲ್ಲೆ. ಅವರಿಗೆ ಬದಲು ಯಾರೂ ಬರಲಿಲ್ಲ. ಇವರು ಹಾಗೆ ಬದಲಿಗೆ ಬಂದವರಾಗಿದ್ದರೆ ದೇವರು ಇವರನ್ನೂ ಕುರಿಯ ಹಾಗೆ ಎರಡರಷ್ಟು ಕೊಡುತ್ತಿದ್ದರು."

ಇನ್ನೊಂದು ಮಾತು ಉಳಿದಿತ್ತು. ಅದನ್ನು ಹೇಳಿದರೆ ನಾನು ಕಾದುಕೊಂಡಿದ್ದುದು ನನಗೆ ಎಂದಿಗೂ ಸಿಗುವುದಿಲ್ಲವೆಂದು ಗೊತ್ತಿತ್ತು. ತೊಟ್ಟಿಲಿನ ಕಡೆ ನೋಡಿದೆ. ಮಗು ತನ್ನ ಕಾಲ್ಬೆರಳನ್ನು ಹಿಡಿಯಲು ಹೆಣಗುತ್ತಿತ್ತು.

"ಸಲೋಮಿಯ ಹೆಸರು ಸಲೋಮಿಗೇ ಇರಲಿ," ಎಂದೆ.

ದೀನಮ್ಮ ಕೆಮ್ಮಿದಳು. ಎರಡನೆಯ ಸಲ ಕೆಮ್ಮಿದಳು. ಮೊರವನ್ನು ಪಕ್ಕಕ್ಕಿಟ್ಟು ಎದ್ದು, ನೆಟ್ಟಗೆ ಹಿತ್ತಿಲ ಬಾಗಿಲಿಗೆ ಹೋಗಿ, ಹೊಸ್ತಿಲ ಮೇಲೆ ನಿಂತು, ಮಕ್ಕಳನ್ನು ಆಟದಿಂದ ಒಳಕ್ಕೆ ಕರೆಯುವ ಹಾಗೆ ಕೂಗಿದಳು. "ಸಲೋಮೀ!" ದನಿ ಬಿರುಕುಬಿಟ್ಟಿತ್ತು. ಮತ್ತೆ ಕೂಗಿದಳು. ಬಾವಿಯ ಆಚೆ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿದರು. ಯಾರೂ ಓಗೊಡಲಿಲ್ಲ. ಆಮೇಲೆ ಅವಳು ಹೊಸ್ತಿಲ ಮೇಲೆಯೇ ಕುಸಿದು ಅತ್ತಳು. ಮಗಳು ಸತ್ತಾಗ ಬಂದವರಿಗೆಲ್ಲ ಕಾಫಿ ಕೊಟ್ಟವಳು ಅವಳು. ಸುಗುಣಮ್ಮ ಹೋಗಿ ಅವಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ತೊಟ್ಟಿಲಿನಲ್ಲಿದ್ದ ಮಗು ಆ ಪರಿಚಯವಿಲ್ಲದ ದನಿಗೆ ಬೆಚ್ಚಿ ಕಿರುಚಿತು. ದೀನಮ್ಮ ಎತ್ತಿಕೊಂಡು ಎಷ್ಟು ಸಮಾಧಾನ ಮಾಡಿದರೂ ನಿಲ್ಲಿಸಲಿಲ್ಲ. ಕೊನೆಗೆ ಅವಳು ಬಾಯಿ ಮುಚ್ಚಿಕೊಂಡು ಗೆಜ್ಜೆಯನ್ನು ಅಲುಗಿಸಬೇಕಾಯಿತು.

ದೇವಾಲಯದಲ್ಲಿ ಅಯ್ಯನವರು ಹೆಸರು ಕೇಳಿದಾಗ ದೀನಮ್ಮ "ಮೃದುಲ" ಎಂದಳು. ಯಾರೂ ಆ ಹೆಸರನ್ನು ಅದುವರೆಗೆ ಅವಳ ಬಾಯಲ್ಲಿ ಕೇಳಿರಲಿಲ್ಲ, ಎಲೀಷನೂ ಕೂಡ. ಹೆತ್ತ ದಿನದಿಂದಲೂ ಅದನ್ನು ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಿರಬೇಕು. "ಬಂತಲ್ಲ" ಎನ್ನಲು ಬಾಯಿ ತೆರೆದವರು ತೆರೆದಂತೆಯೇ ಉಳಿದರು. ಹೊರಗೆ ಬಂದ ಮೇಲೆ ತಿಮೊಥಿಯ ಹೆಂಡತಿ, "ಮೇಷ್ಟ್ರ ಮನೇಲಿ ಒಂದು ಹೆಸರನ್ನ ಹಾಗೇ ಬೀದೀಲಿ ಬಿಟ್ರಲ್ಲಮ್ಮ, ಅದು ಯಾರ ಮನೆ ಬಾಗಿಲು ತಟ್ಟುತ್ತೋ," ಎಂದು ನನಗೆ ಕೇಳಿಸುವಂತೆಯೇ ಹೇಳಿದಳು. ಅದಾದ ಮೇಲೆ ಜಗಲಿಗೆ ಬರುವವರು ಸ್ವಲ್ಪ ಕಡಿಮೆಯಾದರು. ಬಂದವರಿಗೆ ನಾನೂ ಮೊದಲಿನಷ್ಟು ಬೇಗ ಉತ್ತರ ಹೇಳುವುದಿಲ್ಲ.

ಮನೆಯಲ್ಲಿ ದೀನಮ್ಮ ಆ ಹೆಸರನ್ನು ದಿನವೂ ಆಡುತ್ತಾಳೆ. ಸಲೋಮಿಗೆ ಬೆಂಡೆಕಾಯಿ ಆಗ್ತಿರ್ಲಿಲ್ಲ, ಸಲೋಮಿಗೆ ಇಷ್ಟು ಹೊತ್ತಿಗೆ ಹಲ್ಲು ಹುಟ್ಟಿತ್ತು ಎನ್ನುತ್ತಾಳೆ. ಸುಗುಣಮ್ಮ ಮೊದಮೊದಲು ಎದ್ದು ಹೊರಗೆ ಹೋಗುತ್ತಿದ್ದಳು, ಈಗ ಅವಳೂ ಅದಕ್ಕೆ ಸೇರಿಸಿ ಮಾತಾಡುತ್ತಾಳೆ. ಅಂದು ಆಡಿದ್ದು ಬಿಟ್ಟರೆ, ನನ್ನ ಬಾಯಿಗೆ ಮಾತ್ರ ಅದು ಬರುತ್ತಿರಲಿಲ್ಲ. ಕರೆದರೆ ತಿರುಗಿ ನೋಡುವವರಿಲ್ಲದ ಹೆಸರನ್ನು ಆಡಿ ನನಗೆ ಅಭ್ಯಾಸವಿಲ್ಲ.

ಮೊನ್ನೆ ಊಟವಾಗಿ ಪಡಸಾಲೆಯಲ್ಲಿ ಒರಗಿದ್ದೆ. ಸಣ್ಣ ಜೊಂಪು ಹತ್ತಿತ್ತು. ಕೋಣೆಯಿಂದ ಮಗುವಿನ ಅಳು ಕೇಳಿಸಿತು. ಕಣ್ಣು ತೆರೆಯುವ ಮುಂಚೆಯೇ ನನ್ನ ಬಾಯಿಂದ ಬಂದುಬಿಟ್ಟಿತು. "ಇರು ಸಲೋಮಿ, ಬಂದೆ. ಅಳಬೇಡ."

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಾನು ಎದ್ದು ಕುಳಿತೆ. ಒಳಗಿನಿಂದ ದೀನಮ್ಮ ಮೆಲ್ಲಗೆ ಹೇಳಿದಳು.

"ಸಲೋಮಿ ಅಳ್ತಿಲ್ಲ ಮಾವ. ಅಳ್ತಿರೋದು ಚಿಕ್ಕವಳು."

ನಾನು ಹೋಗಿ ಚಿಕ್ಕವಳನ್ನು ಎತ್ತಿಕೊಂಡೆ.